ಮಾವನ ಗ್ರಿಲ್ಲೂ ಮಗಳ ಗಂಡನೂ

ಮದುವೆಯಾಗಿ ಇಪ್ಪತ್ತೊಂದು ವರ್ಷವಾದರೂ ಅವನ ಮಾವ ಅವನನ್ನು ಒಂದೇ ಒಂದು ಸಲವೂ ‘ನನ್ನ ಅಳಿಯ’ ಎಂದಿರಲಿಲ್ಲ. ಯಾರಾದರೂ ಪರಿಚಯ ಕೇಳಿದರೆ ಮಾವ ಗಂಟಲು ಸರಿಮಾಡಿಕೊಂಡು, “ಇವರು ನನ್ನ ಮಗಳ ಗಂಡ” ಎನ್ನುತ್ತಿದ್ದರು. ‘ಅಳಿಯ ಅಲ್ಲ, ಮಗಳ ಗಂಡ’ ಎಂದು ಗಾದೆ ಹೇಳಿ ನಗುವವರಿಗೆ ಎರಡೂ ಒಂದೇ. ಆದರೆ ಗಾದೆಯ ಎರಡನೆಯ ಅರ್ಧದಲ್ಲೇ ಇಪ್ಪತ್ತೊಂದು ವರ್ಷ ಸಂಸಾರ ಮಾಡಿದವನಿಗೆ ಅದರ ವ್ಯತ್ಯಾಸ ಗೊತ್ತು. ಅಳಿಯ ಎಂದರೆ ತಾನು ಒಪ್ಪಿಕೊಂಡ ಮನುಷ್ಯ. ಮಗಳ ಗಂಡ ಎಂದರೆ ಮಗಳು ಮಾಡಿಕೊಂಡ ತಪ್ಪು. (ನಾವಾದರೂ ಇಲ್ಲಿ ಅವನನ್ನು ಅಳಿಯ ಎಂದೇ ಕರೆಯೋಣ. ಕರೆಯುವುದಕ್ಕೆ ನಮ್ಮ ಗಂಟೇನು ಹೋಗಬೇಕು.)

ಇಷ್ಟಕ್ಕೆಲ್ಲ ಕಾರಣ ಹನ್ನೊಂದು ಬೆಂಕಿಕಡ್ಡಿ. ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಹೋಗಿದ್ದಾಗ ಅತ್ತೆ, “ಸ್ವಲ್ಪ ಒಲೆ ಹಚ್ಚಿರಪ್ಪಾ, ಹಾಲು ತರ್ತೀನಿ” ಎಂದು ಹೇಳಿ ಹೊರಗೆ ಹೋದರು. ಅಳಿಯ ತೋಳು ಎಷ್ಟು ಉದ್ದವೋ ಅಷ್ಟು ದೂರ ನಿಂತು, ಮುಖವನ್ನು ಗೋಡೆಗೆ ತಿರುಗಿಸಿ, ಎರಡೂ ಕಣ್ಣು ಮುಚ್ಚಿಕೊಂಡು, ಕೈಯನ್ನು ಮಾತ್ರ ಗ್ಯಾಸ್ ಒಲೆಯ ಕಡೆಗೆ ಕಳುಹಿಸಿದ. ಹನ್ನೊಂದು ಕಡ್ಡಿ ಸುಟ್ಟವು. ಒಲೆ ಹತ್ತಲಿಲ್ಲ (ಗ್ಯಾಸ್ ತಿರುಗಿಸುವುದನ್ನೇ ಮರೆತಿದ್ದ). ಕಣ್ಣು ಬಿಟ್ಟು ನೋಡಿದರೆ ಬಾಗಿಲಲ್ಲಿ ಮಾವ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಳಗೆ ಬಂದು ನೆಲದ ಮೇಲಿದ್ದ ಹನ್ನೊಂದು ಕಡ್ಡಿಯನ್ನೂ ಎಣಿಸಿ ಆರಿಸಿ, ನೀರಿನಲ್ಲಿ ಅದ್ದಿ, ಕಸದ ಬುಟ್ಟಿಗೆ ಹಾಕಿ ಹೊರಟುಹೋದರು.

ಆ ಮಾವ ಸಾಮಾನ್ಯ ಮಾವನಾಗಿದ್ದರೆ ಈ ಪ್ರಸಂಗ ಒಂದು ವಾರದಲ್ಲಿ ಮರೆತುಹೋಗುತ್ತಿತ್ತು. ಆದರೆ ಅವರು ಊರಿನ ಅಗ್ನಿಶಾಮಕ ಠಾಣೆಯ ಮುಖ್ಯಾಧಿಕಾರಿ. ಮೂವತ್ತೈದು ವರ್ಷ ಬೆಂಕಿಯ ಜೊತೆ ಹಗ್ಗಜಗ್ಗಾಟ ಆಡಿದವರು. ಅವರ ಮೀಸೆಯ ಎರಡು ತುದಿಗಳೂ ಮೇಲಕ್ಕೇ ನೋಡುತ್ತಿದ್ದವು. ಮನೆಯವರ ಹೊರತು ಎಲ್ಲರೂ, ನಿವೃತ್ತರಾದ ಮೇಲೂ, ಅವರನ್ನು ಕರೆಯುತ್ತಿದ್ದುದು ‘ಚೀಫ್’ ಎಂದೇ.

ಚೀಫ್ ಹತ್ತಿರ ಒಂದು ಗ್ರಿಲ್ ಇತ್ತು. ಕಿಟಕಿಗೆ ಹಾಕುವ ಗ್ರಿಲ್ ಅಲ್ಲ. ಅಂಗಳದಲ್ಲಿಟ್ಟು, ಗ್ಯಾಸ್ ಹಚ್ಚಿ, ಕಬ್ಬಿಣದ ಸರಳುಗಳ ಮೇಲೆ ಕೋಳಿ, ಜೋಳದ ತೆನೆ, ಆಲೂಗಡ್ಡೆ ಸುಡುವ ಗ್ರಿಲ್. ಕಡುಗೆಂಪು ಬಣ್ಣದ ಗುಂಡು ಮುಚ್ಚಳ, ಮರದ ಹಿಡಿಕೆ, ಹಿಂದೆ ಎರಡು ಚಕ್ರ. ಮುಖ್ಯಾಧಿಕಾರಿಯಾದಾಗ ಠಾಣೆಯವರೆಲ್ಲ ಸೇರಿ ಕೊಟ್ಟ ಉಡುಗೊರೆ. ಅದಕ್ಕೀಗ ಮೂವತ್ನಾಲ್ಕು ವರ್ಷ, ಆದರೆ ನೋಡಿದವರು ಮೂರು ವರ್ಷ ಎನ್ನುತ್ತಿದ್ದರು. ಬಿಸಿಲಿಗೆ ಒಂದು ಹೊದಿಕೆ, ಚಳಿಗೆ ಒಂದು ಹೊದಿಕೆ. ಪ್ರತಿ ಭಾನುವಾರ ತಪಾಸಣೆ. ಅತ್ತೆಗೆ ನೆಗಡಿಯಾದರೆ ಕಷಾಯ ಅತ್ತೆಯೇ ಕಾಯಿಸಿಕೊಳ್ಳಬೇಕು. ಗ್ರಿಲ್ಲಿನ ಚಕ್ರಕ್ಕೆ ತುಕ್ಕಿನ ಒಂದು ಚುಕ್ಕೆ ಕಂಡರೆ ಮನೆಯಲ್ಲಿ ಊಟ ತಡ.

ವರ್ಷಕ್ಕೊಮ್ಮೆ ಠಾಣೆಯ ಹಳೆಯ ಸಂಗಾತಿಗಳೆಲ್ಲ ಚೀಫ್ ಮನೆಯ ಹಿತ್ತಿಲಿನಲ್ಲಿ ಸೇರುತ್ತಿದ್ದರು. ಅವತ್ತು ಚೀಫ್ ಗ್ರಿಲ್ಲಿನ ಸುತ್ತ ಸೀಮೆಸುಣ್ಣದಿಂದ ಆರಡಿ ದೂರದಲ್ಲಿ ಗೆರೆ ಎಳೆಯುತ್ತಿದ್ದರು. ಸುರಕ್ಷತಾ ರೇಖೆ. ಅದನ್ನು ದಾಟಿ ಯಾರೂ ಒಳಗೆ ಬರುವಂತಿಲ್ಲ. ಒಳಗೆ ಚೀಫ್ ಒಬ್ಬರೇ, ಎಲ್ಲರಿಗೂ ಅಗಲವಾದ ಬೆನ್ನು ತೋರಿಸಿಕೊಂಡು, ಮುಚ್ಚಳ ತೆಗೆದು ಮುಚ್ಚಿ ಏನೋ ಮಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ತಿರುಗಿದರೆ ಕೈಯಲ್ಲಿ ಹಬೆಯಾಡುವ ತಟ್ಟೆ. ಹದವಾಗಿ ಸುಟ್ಟು, ಮೇಲೆ ಗೆರೆ ಗೆರೆ ಕರಿ ಗುರುತು ಮೂಡಿದ ತೆನೆ. ಚಪ್ಪಾಳೆ. ಈ ಇಪ್ಪತ್ತೊಂದು ವರ್ಷದಲ್ಲಿ ಅಳಿಯನಿಗೆ ಅಲ್ಲಿ ಸಿಕ್ಕ ಕೆಲಸ ಒಂದೇ: ಕುರ್ಚಿ ಜೋಡಿಸುವುದು. ಅದೂ ಗೆರೆಯಿಂದ ಆಚೆ.

ಹೀಗಿರುವಾಗ ಮಾವ, ಅತ್ತೆ ಹಿತ್ತಿಲಿದ್ದ ದೊಡ್ಡ ಮನೆ ಬಿಟ್ಟು, ಮಗಳ ಮನೆಗೆ ಎರಡು ಬೀದಿ ಆಚೆ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಗೆ ಬಂದರು. ಬಂದ ವಾರದಲ್ಲೇ ಚೀಫ್ ಅಲ್ಲಿನ ಸುರಕ್ಷತಾ ಸಮಿತಿಗೆ ಅಧ್ಯಕ್ಷರಾದರು. ಆದವರೇ ಮೊದಲು ಮಾಡಿದ ನಿಯಮ, ಬಾಲ್ಕನಿಯಲ್ಲಿ ಯಾರೂ ಗ್ಯಾಸ್ ಸಿಲಿಂಡರ್ ಇಡಕೂಡದು. ನಿಯಮಕ್ಕೆ ಸಹಿ ಹಾಕಿ ಮನೆಗೆ ಬಂದು ಬಾಲ್ಕನಿ ನೋಡಿದಾಗ ಅಲ್ಲಿ ಗ್ರಿಲ್ ನಿಂತಿತ್ತು.

ಹಾಗಾಗಿ ಗ್ರಿಲ್ ಮಗಳ ಮನೆಗೆ ಬಂತು. ಟೆಂಪೋದಲ್ಲಿ ಬಂತು, ಮಾವ ಹಿಂದೆ ಅದರ ಪಕ್ಕದಲ್ಲೇ ಅದರ ಹೆಗಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

“ಕೊಡ್ತಾ ಇಲ್ಲ. ಇಲ್ಲಿ ಇಟ್ಟಿರ್ತೀನಿ ಅಷ್ಟೆ” ಎಂದರು ಅಳಿಯನಿಗೆ. “ಮುಂದಿನ ತಿಂಗಳು ನಮ್ಮವರೆಲ್ಲ ಇಲ್ಲಿಗೇ ಬರ್ತಾರೆ. ಅಲ್ಲೀವರೆಗೂ ನೀವು ನೋಡ್ಕೋಬೇಕು.”

ಜೊತೆಗೆ ಒಂಬತ್ತು ನಿಯಮಗಳ ಪಟ್ಟಿ ಕೊಟ್ಟರು. ಪ್ಲಾಸ್ಟಿಕ್ ಹೊದಿಸಿದ ಪಟ್ಟಿ. ಮೊದಲನೆಯ ನಿಯಮ, ಸಿಲಿಂಡರಿನ ರೆಗ್ಯುಲೇಟರಿಗೆ ಮಾವನನ್ನು ಬಿಟ್ಟು ಯಾರೂ ಕೈ ಹಾಕತಕ್ಕದ್ದಲ್ಲ. ಕೊನೆಯದು, ಇದ್ದುದು ಇದ್ದ ಹಾಗೆ ಇರತಕ್ಕದ್ದು.

ಅಳಿಯ ಪಟ್ಟಿಯನ್ನು ಎರಡು ಸಲ ಓದಿದ. ಇಪ್ಪತ್ತೊಂದು ವರ್ಷದಲ್ಲಿ ಮಾವ ಅವನ ಕೈಗೆ ಕೊಟ್ಟ ಮೊದಲ ಜವಾಬ್ದಾರಿ ಅದು. ಎದೆ ಉಬ್ಬಿತು. ಉಬ್ಬಿದ ಎದೆಯೊಳಗೆ ಒಂದು ಆಲೋಚನೆ ಹುಟ್ಟಿತು. ಅನಾಹುತಗಳೆಲ್ಲ ಹುಟ್ಟುವುದು ಇಂಥ ಕಡೆಯೇ.

ಅಳಿಯನದು ಚೌಕಟ್ಟಿನ ಅಂಗಡಿ. ಫೋಟೋ, ಸನ್ಮಾನಪತ್ರ, ಮಗುವಿನ ಮೊದಲ ಕಾಲುಚೀಲ, ನಿವೃತ್ತ ಕಂಡಕ್ಟರನ ಸೀಟಿ, ಏನು ತಂದುಕೊಟ್ಟರೂ ಗಾಜು ಹಾಕಿ ಕಟ್ಟು ಹಾಕಿ ಗೋಡೆಗೆ ಏರಿಸುವವನು. ಅವನ ಧರ್ಮ ಒಂದೇ: ಹಳೆಯದನ್ನು ಎಸೆಯಬಾರದು, ಉಜ್ಜಿ ಬೆಳಗಿಸಿ ಕಾಪಾಡಬೇಕು. ಈ ಗ್ರಿಲ್ಲನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಬೆಳಗಿ, ಮೊದಲ ದಿನ ಪೆಟ್ಟಿಗೆಯಿಂದ ತೆಗೆದಾಗ ಹೇಗಿತ್ತೋ ಹಾಗೆ ಮಾಡಿ ಮಾವನ ಮುಂದೆ ನಿಲ್ಲಿಸಿದರೆ ಅವರ ಬಾಯಿಂದ ಆ ಒಂದು ಮಾತು ಉದುರದೆ ಎಲ್ಲಿ ಹೋಗುತ್ತದೆ?

ಹೆಂಡತಿಗೆ ಹೇಳಿದ. ಹೆಂಡತಿ ಶಾಲೆಯಲ್ಲಿ ಡ್ರಿಲ್ ಟೀಚರ್. ಮನೆಯಲ್ಲೂ ಕೊರಳಿಂದ ಸೀಟಿ ಇಳಿಯುತ್ತಿರಲಿಲ್ಲ.

“ಚೆನ್ನಾಗಿರೋದನ್ನ ಯಾಕ್ರೀ ಚೆನ್ನಾಗಿ ಮಾಡೋಕೆ ಹೋಗ್ತೀರಾ?”

“ಹಿಡಿಕೆ ಮಂಕಾಗಿದೆ ನೋಡು. ಚಕ್ರ ಕಿರ್ ಅನ್ನತ್ತೆ.”

“ಚಕ್ರಕ್ಕೆ ಎರಡು ತೊಟ್ಟು ಎಣ್ಣೆ ಬಿಟ್ಟು ಒಳಗೆ ಬನ್ನಿ.”

“ನಿಮ್ಮಪ್ಪ ಮೂಗಿನ ಮೇಲೆ ಬೆರಳಿಡಬೇಕು, ಹಾಗೆ ಮಾಡ್ತೀನಿ.”

“ಕೆಲಸ ಇಲ್ಲದ ಬಡಗಿ ಮಗೂ ಕುಂಡಿ ಕೆತ್ತಿದ್ನಂತೆ. ನಮ್ಮ ಮಕ್ಕಳು ಹಾಸ್ಟೆಲ್ಲಲ್ಲಿವೆ, ಬದುಕಿಕೊಂಡವು. ನಿಮಗೆ ಗ್ರಿಲ್ ಸಿಕ್ತು.” ಆಮೇಲೆ ಯಾಕೋ ಸ್ವಲ್ಪ ಗಂಭೀರವಾಗಿ, “ಹೊರಗಡೆ ಏನು ಬೇಕಾದ್ರೂ ಉಜ್ಜಿಕೊಳ್ಳಿ. ಒಳಗೆ ಬಿಚ್ಚಬೇಡಿ” ಎಂದಳು.

“ಯಾಕೆ?”

“ಬಿಚ್ಚಬೇಡಿ ಅಂದ್ರೆ ಬಿಚ್ಚಬೇಡಿ.”

(ಹೆಂಡತಿ ಕಾರಣ ಕೊಡದೆ ಹೇಳಿದ ಮಾತನ್ನು ಗಂಡಂದಿರು ಕೇಳುವುದಿಲ್ಲ. ಕಾರಣ ಕೊಟ್ಟು ಹೇಳಿದರೂ ಕೇಳುವುದಿಲ್ಲ, ಅದು ಬೇರೆ ವಿಚಾರ.)

ಮಾರನೆಯ ದಿನ ಅವಳು ಶಾಲೆಯ ಕ್ರೀಡಾಕೂಟಕ್ಕೆ ಹೋದದ್ದೇ ತಡ, ಅಳಿಯ ಅಂಗಡಿಗೆ ಬೀಗ ಹಾಕಿ ಬಂದು ಹಿತ್ತಿಲಲ್ಲಿ ಹಳೆಯ ಬೆಡ್‌ಶೀಟ್ ಹಾಸಿದ. ಸ್ಕ್ರೂಗಳನ್ನು ಬಿಚ್ಚಿ, ಒಂದೊಂದಕ್ಕೂ ಚೀಟಿ ಅಂಟಿಸಿ ನಂಬರ್ ಹಾಕಿದ. ಹಿಡಿಕೆಗೆ ನಯವಾದ ಮರಳುಕಾಗದ ತಿಕ್ಕಿ ಮೂರು ಕೈ ಪಾಲಿಶ್ ಹಾಕಿದ. ಮುಚ್ಚಳಕ್ಕೆ ಮೇಣ ಸವರಿ, ಮಗುವಿನ ಬೆನ್ನು ತಟ್ಟುವ ಹಾಗೆ ಮೆತ್ತಗಿನ ಬಟ್ಟೆಯಿಂದ ಉಜ್ಜಿದ. ಸಿಲಿಂಡರ್ ಎತ್ತಿ ನೋಡಿದರೆ ಹಗುರ, ಖಾಲಿ. ಪಾಪ, ಮಾವ ಕೊನೆಯ ಸಲ ಪೂರ್ತಿ ಮುಗಿಸಿದ್ದಾರೆ ಎಂದುಕೊಂಡು ತುಂಬಿದ ಹೊಸದನ್ನು ತರಿಸಿ, ತಂದವನ ಕೈಯಲ್ಲೇ ಜೋಡಿಸಿಟ್ಟ; ರೆಗ್ಯುಲೇಟರ್ ತಿರುಗಿಸುವುದನ್ನು ನಿಯಮದಂತೆ ಮಾವನಿಗೇ ಬಿಟ್ಟ.

ಆಶ್ಚರ್ಯ ಶುರುವಾದದ್ದು ಒಳಭಾಗಕ್ಕೆ ಬಂದಾಗ. ಕೊಬ್ಬು ತೊಟ್ಟಿಕ್ಕುವ ತಟ್ಟೆಯಲ್ಲಿ ಕೊಬ್ಬಿನ ಒಂದು ಕಲೆ ಇಲ್ಲ. ಸರಳುಗಳ ಮೇಲೆ ಮಸಿ ಇಲ್ಲ. ಬೆಂಕಿ ಬರುವ ಬರ್ನರಿನ ತೂತುಗಳು ಆಗ ತಾನೇ ಕಣ್ಣು ಬಿಟ್ಟ ಹಾಗಿದ್ದವು. ಅಳಿಯ ಕೂತಲ್ಲೇ ಕೈ ಮುಗಿಯುವುದೊಂದು ಬಾಕಿ. ಮೂವತ್ನಾಲ್ಕು ವರ್ಷ ಇಷ್ಟು ಜನಕ್ಕೆ ಸುಟ್ಟು ಬಡಿಸಿಯೂ ಇಷ್ಟು ಚೊಕ್ಕಟವಾಗಿ ತೊಳೆದಿಡಬೇಕಾದರೆ ಆ ಮನುಷ್ಯ ಯೋಗಿಯೇ ಆಗಿರಬೇಕು.

ಬರ್ನರನ್ನು ಹೊರಗೆ ತೆಗೆದಾಗ ಅದರ ಕೊಳವೆಯ ಬಾಯಲ್ಲಿ ಏನೋ ಹಳದಿಯಾಗಿ ಕಂಡಿತು. ಚಿಮಟದಿಂದ ಹಿಡಿದು ಮೆಲ್ಲಗೆ ಎಳೆದ. ಸುರುಳಿ ಸುತ್ತಿದ ತೆಳು ರಟ್ಟು ಬಂತು. ಬಿಡಿಸಿದ. ಅಂಗೈಯಗಲದ ರಟ್ಟಿನ ಮೇಲೆ ಕೆಂಪು ಅಕ್ಷರಗಳಲ್ಲಿ ಹೀಗೆ ಅಚ್ಚಾಗಿತ್ತು: ‘ಮೊದಲ ಸಲ ಹಚ್ಚುವ ಮುನ್ನ ಇದನ್ನು ತಪ್ಪದೆ ತೆಗೆಯಿರಿ.’

ಬುದ್ಧಿವಂತನಿಗೆ ಇಷ್ಟು ಸಾಕಿತ್ತು. ನಿಮಗೂ ಸಾಕು, ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ. ಆದರೆ ಅಳಿಯ ಬುದ್ಧಿವಂತನಲ್ಲ, ಭಕ್ತ. ಅವನ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಹಳೆಯ ಗಡಿಯಾರಕ್ಕೆ ಅದರ ಮೂಲ ದಾರವನ್ನೇ ಕಟ್ಟಿಡುವವರು, ಮದುವೆಯ ಸೀರೆಗೆ ಅಂಗಡಿಯ ಚೀಟಿಯನ್ನು ಹಾಗೇ ಬಿಟ್ಟಿರುವವರು ಇದ್ದರು. ಮಾವ ಅವರೆಲ್ಲರ ಗುರು ಎಂದು ಅವನಿಗೆ ತಟ್ಟನೆ ಹೊಳೆಯಿತು. ಪ್ರತಿ ಸಲ ಬಳಸಿದ ಮೇಲೂ ಬರ್ನರ್ ತೊಳೆದು ಒರೆಸಿ, ಕಾರ್ಖಾನೆಯವರು ಇಟ್ಟಿದ್ದ ಈ ರಟ್ಟನ್ನು ಇದ್ದ ಜಾಗದಲ್ಲೇ ವಾಪಸ್ಸು ಇಡುತ್ತಿದ್ದಾರೆ. ಇದ್ದುದು ಇದ್ದ ಹಾಗೆ. ಮೂವತ್ನಾಲ್ಕು ವರ್ಷ. ಅಳಿಯನ ಕಣ್ಣು ತೇವವಾದವು.

ಇಂಥ ನಿಷ್ಠೆ ಕೊಳವೆಯೊಳಗೆ ಕತ್ತಲಲ್ಲಿ ಕೊಳೆಯಬಾರದು. ಅವನು ರಟ್ಟನ್ನು ಅಂಗಡಿಗೆ ಒಯ್ದ. ಭಾರ ಹೇರಿ ಎರಡು ದಿನ ಚಪ್ಪಟೆ ಮಾಡಿದ. ಒಂದಂಚು ಜುಂಗು ಜುಂಗಾಗಿತ್ತು, ಬೆರಳಗಲ ಕತ್ತರಿಸಿ ನೇರ ಮಾಡಿದ. ಸುತ್ತ ಕೆನೆಬಣ್ಣದ ಹಾಳೆ, ಮೇಲೆ ಬೆಳಕು ಹೊಳೆಯದ ದುಬಾರಿ ಗಾಜು, ಅದಕ್ಕೆ ಕಪ್ಪು ಮರದ ಕಟ್ಟು, ಕಟ್ಟಿನ ಒಳಗೆ ಚಿನ್ನದ ಗೆರೆ. ಮೂಗಿಗಿಂತ ಮೂಗುತಿ ಭಾರವಾಯಿತು. ಆದರೆ ಇಷ್ಟು ವರ್ಷದ ಕಸುಬಿನಲ್ಲಿ ಇಷ್ಟು ಅಂದದ ಕಟ್ಟನ್ನು ಅವನು ಹಾಕಿರಲಿಲ್ಲ. ಯಾರಿಗೂ ತೋರಿಸಲಿಲ್ಲ, ಹೆಂಡತಿಗಂತೂ ಇಲ್ಲವೇ ಇಲ್ಲ. ಎಲ್ಲರೂ ಸೇರಿದ ದಿನ, ಎಲ್ಲರ ಮುಂದೆ ಅನಾವರಣ ಎಂದು ತೀರ್ಮಾನಿಸಿದ.

ಆ ಭಾನುವಾರ ಬಂತು. ಮಾವ ಬೆಳಿಗ್ಗೆ ಒಂಬತ್ತಕ್ಕೇ ಬಿಳಿ ಷರಟಿಗೆ ಇಸ್ತ್ರಿ ಹಾಕಿಕೊಂಡು ಬಂದರು. ಹಿಂದೆ ಅತ್ತೆ, ಎರಡು ದೊಡ್ಡ ಪಾತ್ರೆ, ಬಟ್ಟೆಯಲ್ಲಿ ಸುತ್ತಿದ ಭಾರದ ಒಂದು ಗಂಟು. ಅತ್ತೆ ಸೀದಾ ಅಡುಗೆಮನೆಗೆ ಹೋದರು. ಅಳಿಯ ಗಂಟು ಎತ್ತಿಕೊಡಲು ಹೋದರೆ, “ಬೇಡಪ್ಪಾ, ನೀವು ಆಚೆ ಇರಿ” ಎಂದು ಬಾಗಿಲು ಮುಂದೆ ಮಾಡಿಕೊಂಡರು.

ಮಾವ ಗ್ರಿಲ್ಲಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ಬಗ್ಗಿ ನೋಡಿದರು. ಬೆರಳಾಡಿಸಿದರು.

“ಹಿಡಿಕೆ ಯಾರು ಮುಟ್ಟಿದ್ದು?”

“ನಾನೇ ಮಾವ. ಮೂರು ಕೈ ಪಾಲಿಶ್ ಹಾಕ್ದೆ.”

“ಹೂಂ” ಎಂದರು ಮಾವ. ಅದು ಒಳ್ಳೆಯ ಹೂಂ. ಅಳಿಯನಿಗೆ ಹೊಟ್ಟೆ ತುಂಬಿತು.

“ಒಳಗೆ?”

“ಒಳಗೇನಿದೆ ಮಾವ, ಕನ್ನಡಿ ಥರ ಇತ್ತು.”

ಮಾವನ ಮೀಸೆಯ ಎಡತುದಿ ಒಂದು ಸಲ ಅಲುಗಿತು. ಆಮೇಲೆ ಅವರು ಗಾಳಿಯ ದಿಕ್ಕು ನೋಡಬೇಕು ಎಂದು ಬೆರಳನ್ನು ಒದ್ದೆ ಮಾಡಿ ಮೇಲೆತ್ತಿ, ಗ್ರಿಲ್ಲನ್ನು ತಳ್ಳಿಸಿ ತಳ್ಳಿಸಿ ಕೊನೆಗೆ ಅಡುಗೆಮನೆಯ ಕಿಟಕಿಯ ಕೆಳಗೇ ನಿಲ್ಲಿಸಿದರು. ಹಳೆಯ ಮನೆಯಲ್ಲೂ ಗಾಳಿ ಯಾಕೋ ಅಡುಗೆಮನೆಯ ಕಿಟಕಿಯ ಕಡೆಗೇ ಇರುತ್ತಿತ್ತು. ಸೀಮೆಸುಣ್ಣದ ಗೆರೆ ಬಿತ್ತು. ಅಳಿಯ ಗೆರೆಯ ಆಚೆ ಕುರ್ಚಿ ಜೋಡಿಸಿದ.

ಹನ್ನೆರಡು ಜನ ಬಂದರು. ಎಲ್ಲರೂ ತಲೆ ನರೆತ ಅಗ್ನಿಶಾಮಕ ವೀರರು. ಅವರಲ್ಲಿ ಎಲ್ಲರಿಗಿಂತ ಉದ್ದ ಇದ್ದವರಿಗೆ ‘ಏಣಿ’ ಎಂದು ಹೆಸರು; ಪಿಸುಮಾತು ಆಡಿದರೂ ಬೀದಿಯ ಕೊನೆಗೆ ಕೇಳುವವರಿಗೆ ‘ಸೈರನ್’. ಚೀಫ್ ಗ್ರಿಲ್ಲಿನ ಮುಂದೆ ಬಗ್ಗಿ, ಗುಂಡಿ ತಿರುಗಿಸಿ, ಲೈಟರಿನಿಂದ ಟಕ್ ಟಕ್ ಎನಿಸಿ, “ಹತ್ತಿತು” ಎಂದು ಘೋಷಿಸಿದರು. ಮುಚ್ಚಳ ಹಾಕಿದರು. ಹದಿನೈದು ನಿಮಿಷ ಕಳೆದು ತಿರುಗಿದಾಗ ತಟ್ಟೆಯ ತುಂಬ ಹಬೆಯಾಡುವ ತೆನೆ. ಚಪ್ಪಾಳೆ ಬಿತ್ತು. ಚೀಫ್ ಅವರ ಮುಖ ಅರಳಿತು.

ಎಲ್ಲರ ಕೈಯಲ್ಲೂ ತೆನೆ ಇದ್ದಾಗ ಅಳಿಯ ಎದ್ದು ನಿಂತ. ಕಂಕುಳಲ್ಲಿ ಬಟ್ಟೆ ಸುತ್ತಿದ ಚೌಕಟ್ಟು. ಗೆರೆಯ ಆಚೆ, ಗ್ರಿಲ್ಲಿಗೆ ಎದುರಾಗಿ ನಿಂತು, “ಎಲ್ಲರೂ ಒಂದು ನಿಮಿಷ ಈ ಕಡೆ ನೋಡ್ಬೇಕು” ಎಂದ. ಹನ್ನೆರಡು ಕುರ್ಚಿಗಳು ಕಿರುಗುಟ್ಟಿಕೊಂಡು ಗ್ರಿಲ್ಲಿಗೆ ಬೆನ್ನು ಹಾಕಿ ಅವನ ಕಡೆಗೆ ತಿರುಗಿದವು.

“ನಮ್ಮ ಮಾವ ಬೆಂಕಿ ಆರಿಸಿದ್ದನ್ನ ನೀವೆಲ್ಲ ನೋಡಿದೀರಿ. ಬೆಂಕಿಯ ಸಾಮಾನನ್ನ ಅವರು ಹೇಗೆ ಕಾಪಾಡಿದಾರೆ ಅಂತ ನೋಡಿದವನು ನಾನೊಬ್ಬ. ಅದನ್ನ ನಿಮಗೂ ತೋರಿಸ್ಬೇಕು” ಎಂದು ಬಟ್ಟೆ ಎಳೆದ.

ಬಾಗಿಲಲ್ಲಿ ನೀರಿನ ಜಗ್ ಹಿಡಿದು ನಿಂತಿದ್ದ ಹೆಂಡತಿ ಚೌಕಟ್ಟಿನೊಳಗೆ ಏನಿದೆ ಎಂದು ನೋಡಿದಳು. ನೋಡಿ ಜಗ್ಗನ್ನು ಮೆಲ್ಲಗೆ ನೆಲಕ್ಕಿಟ್ಟಳು.

ಸೈರನ್ ಕನ್ನಡಕ ಏರಿಸಿ ಓದಿದರು. ಅವರು ಮನಸ್ಸಿನಲ್ಲೇ ಓದಿಕೊಂಡಿದ್ದರೂ ಕೇಳಿಸುತ್ತಿತ್ತೇನೋ. “ಮೊದಲ ಸಲ ಹಚ್ಚುವ ಮುನ್ನ ಇದನ್ನು ತಪ್ಪದೆ ತೆಗೆಯಿರಿ.”

ತೆನೆ ಕಡಿಯುವ ಸದ್ದು ನಿಂತಿತು.

“ಇದು ಬರ್ನರ್ ಒಳಗಿತ್ತು” ಎಂದು ಅಳಿಯ ಉತ್ಸಾಹದಿಂದ ಮುಂದುವರಿಸಿದ. “ಮೂವತ್ನಾಲ್ಕು ವರ್ಷದಿಂದ. ಪ್ರತಿ ಸಲ ಗ್ರಿಲ್ ಹಚ್ಚಿ, ಕೆಲಸ ಮುಗಿಸಿ, ತೊಳೆದು, ಮಾವ ಇದನ್ನ ವಾಪಸ್ಸು...”

ಅಷ್ಟರಲ್ಲಿ ಅವನ ಕಣ್ಣು ಗ್ರಿಲ್ಲಿನ ಕಡೆ ಹೋಯಿತು. ಎಲ್ಲರ ಗಮನ ಬೇರೆ ಕಡೆ ಇದೆಯೆಂದು, ಏನು ಅನಾವರಣವೆಂದು ಕೇಳಿಸಿಕೊಳ್ಳುವ ಮೊದಲೇ, ಮಾವ ಎರಡನೆಯ ತಟ್ಟೆಗೆ ಕೈ ನೀಡಿದ್ದರು. ಕೈ ನೀಡಿದ್ದು ಗ್ರಿಲ್ಲಿಗಲ್ಲ, ಕಿಟಕಿಗೆ. ಕಿಟಕಿಯಿಂದ ಬಳೆ ತೊಟ್ಟ ಒಂದು ಕೈ ಹೊರಗೆ ಬಂದಿತ್ತು. ಆ ಕೈಯಲ್ಲಿದ್ದ ತಟ್ಟೆಯ ತುಂಬ ಹಬೆಯಾಡುವ ಕೋಳಿಯ ತುಂಡುಗಳಿದ್ದವು. ಕಿಟಕಿಯ ಹಿಂದೆ ಒಲೆ, ಒಲೆಯ ಮೇಲೆ ಉಬ್ಬುಗೆರೆಗಳಿದ್ದ ದಪ್ಪ ಕಬ್ಬಿಣದ ಕಾವಲಿ. ಅತ್ತೆಯ ಗಂಟಿನಲ್ಲಿದ್ದ ಭಾರ ಅದೇ.

ಅಳಿಯನ ತಲೆಯೊಳಗೆ ಒಂದೊಂದೇ ದೀಪ ಹತ್ತಿತು. ಮಸಿ ಇಲ್ಲದ ಸರಳು. ಖಾಲಿ ಸಿಲಿಂಡರ್. ಆರಡಿ ಗೆರೆ. ಗಾಳಿಯ ದಿಕ್ಕು. ಈ ಗ್ರಿಲ್ ಒಂದು ದಿನವೂ ಹತ್ತಿರಲೇ ಇಲ್ಲ.

ಮಾವ ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಕಿಟಕಿಗೂ ಗ್ರಿಲ್ಲಿಗೂ ನಡುವೆ, ಬೆಣ್ಣೆ ಕದ್ದ ಹುಡುಗನ ಹಾಗೆ ನಿಂತಿದ್ದರು. ಸೈರನ್ ಓದಿದ್ದು ಅವರಿಗೂ ಕೇಳಿಸಿತ್ತು. ಮೀಸೆಯ ಎರಡು ತುದಿಗಳೂ ಕೆಳಗೆ ಬಿದ್ದಿದ್ದವು. ಅಳಿಯನಿಗೆ ಅವರು ಮೊದಲ ಸಲ ಒಬ್ಬ ವಯಸ್ಸಾದ ಮನುಷ್ಯನ ಹಾಗೆ ಕಂಡರು.

ಹನ್ನೊಂದು ಕಡ್ಡಿಗೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೆ? ಏನೂ ಹೇಳುವುದೂ ಬೇಡ, ಸುಮ್ಮನೆ ನಿಂತರೆ ಸಾಕು. ಆದರೆ ಅಳಿಯನಿಗೆ ಕರುಳು ಚುರುಕ್ ಎಂದಿತು. ಮಾವನ ಮರ್ಯಾದೆ ತನ್ನ ಕೈಯಲ್ಲಿ, ಅದೂ ಗಾಜು ಹಾಕಿಸಿಕೊಂಡು, ಕೂತಿತ್ತು.

“...ವಾಪಸ್ಸು ಇಡ್ತಿದ್ರು ಅಂತ ಹೇಳೋಣ ಅಂತಿದ್ದೆ” ಎಂದ ಅವನು. “ಅದು ಸುಳ್ಳು. ಕ್ಷಮಿಸ್ಬೇಕು. ಗ್ರಿಲ್ ಬಿಚ್ಚುವಾಗ ಹಳೇ ಬರ್ನರ್ ನನ್ನ ಕೈಯಿಂದ ಬಿದ್ದು ಮುರಿದುಹೋಯ್ತು. ಹುಡುಕಿ ಹುಡುಕಿ ಅಂಥದ್ದೇ ಹೊಸದು ತಂದು ಹಾಕಿದೆ. ಈ ರಟ್ಟು ಆ ಹೊಸದರಲ್ಲಿದ್ದದ್ದು. ಮುಚ್ಚಿಡೋಕೆ ಹೋಗಿ ಈ ಕತೆ ಕಟ್ಟಿದೆ.”

“ಹೌದು ಹೌದು, ಹೊಸ ಬರ್ನರ್” ಎಂದರು ಏಣಿ, ಸ್ವಲ್ಪ ಬೇಗನೆ.

“ಹೊಸದೇ, ನೋಡಿದ್ರೇ ಗೊತ್ತಾಗತ್ತೆ” ಎಂದರು ಉಳಿದ ಹತ್ತು ಜನ, ಯಾರೂ ಬರ್ನರ್ ನೋಡದೆಯೇ.

“ಮುಚ್ಚಿಡೋದಾದ್ರೆ ಫ್ರೇಮ್ ಯಾಕೆ ಹಾಕಿದ್ರಿ?” ಎಂದರು ಸೈರನ್. ಏಣಿ ಅವರ ಕಾಲು ತುಳಿದರು.

ಮಾವ ತಟ್ಟೆ ಇಟ್ಟರು. ನಿಧಾನವಾಗಿ ನಡೆದು ಬಂದು, ತಾವೇ ಎಳೆದ ಗೆರೆ ದಾಟಿ, ಅಳಿಯನ ಹೆಗಲ ಮೇಲೆ ಕೈಯಿಟ್ಟರು. ಟೆಂಪೋದಲ್ಲಿ ಗ್ರಿಲ್ಲಿನ ಮೇಲೆ ಇಟ್ಟುಕೊಂಡು ಬಂದಿದ್ದರಲ್ಲ, ಅದೇ ಕೈ.

“ನನ್ನ ಬರ್ನರ್ ಮುರಿದಿದಾನೆ” ಎಂದರು. ಗಂಟಲು ಸರಿಮಾಡಿಕೊಂಡರು, ಸರಿಹೋಗಲಿಲ್ಲ. “ಆದ್ರೆ ಇಷ್ಟು ಜನರ ಮುಂದೆ ನಿಂತು ಒಪ್ಕೊಂಡ. ಅದಕ್ಕೆ ಧೈರ್ಯ ಬೇಕು. ಎಲ್ರೂ ಕೇಳಿ. ಇವನು ನನ್ನ ಅಳಿಯ.”

ಗಂಟೆ ಒಂದೂವರೆ. ಅಳಿಯ ನೆನಪಿಟ್ಟುಕೊಂಡ. ‘ಇವರು’ ಹೋಗಿ ‘ಇವನು’ ಬಂದದ್ದನ್ನೂ ನೆನಪಿಟ್ಟುಕೊಂಡ. ಆಮೇಲೆ ಯಾರು ಏನು ಬಡಿಸಿದರು, ತಾನೆಷ್ಟು ತಿಂದೆ, ಒಂದೂ ಅವನಿಗೆ ಗೊತ್ತಾಗಲಿಲ್ಲ.

ಹೊರಡುವಾಗ ಏಣಿ ಅವನನ್ನು ಗೇಟಿನ ಹತ್ತಿರ ಪಕ್ಕಕ್ಕೆ ಕರೆದು ಬಗ್ಗಿದರು. “ಬೆಂಕಿ ಎಲ್ಲಿದೆ ಎಲ್ಲಿಲ್ಲ ಅಂತ ತಿಳೀದೆ ನಾವು ಹನ್ನೆರಡು ಜನ ಮೂವತ್ತು ವರ್ಷ ಸಂಬಳ ತಗೊಂಡ್ವಾ? ಮೊದಲನೇ ವರ್ಷವೇ ಗೊತ್ತಾಯ್ತು. ನಿಮ್ಮತ್ತೆ ಕೈರುಚಿ ಕಳ್ಕೊಳ್ಳೋಕೆ ಯಾರಿಗೂ ಇಷ್ಟ ಇರಲಿಲ್ಲ, ಸುಮ್ನಿದ್ವಿ. ಚೀಫ್‌ಗೆ ಹೇಳ್ಬೇಡಿ ಮತ್ತೆ.”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಊರೆಲ್ಲ ನೋಡಿ ಸುಮ್ಮನಿತ್ತು. ಅಳಿಯ ಹೆಂಡತಿಯನ್ನು ಹುಡುಕಿಕೊಂಡು ಹೋದ.

“ನಿನಗೂ ಗೊತ್ತಿತ್ತಾ?”

“ಎಂಟು ವರ್ಷದವಳಿದ್ದಾಗಿಂದ. ಅಮ್ಮಂಗೆ ತಟ್ಟೆ ಎತ್ತಿಕೊಡ್ತಿದ್ದವಳು ನಾನೇ.”

“ನನಗ್ಯಾಕೆ ಹೇಳಲಿಲ್ಲ?”

“ಮನೆಯವರಿಗೆ ಮಾತ್ರ ಅಂತ ಅಪ್ಪನ ಆರ್ಡರ್. ನೀವು ಮಗಳ ಗಂಡ.”

ಎಲ್ಲರೂ ಹೋದ ಮೇಲೆ ಮಾವ ಹತ್ತಿರ ಬಂದು, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ, “ಆ ರಟ್ಟನ್ನ ಎಲ್ಲಿಂದ ತೆಗೆದ್ಯೋ ಅಲ್ಲೇ ಇಟ್ಟುಬಿಡಪ್ಪ” ಎಂದರು. ಅಳಿಯ ತಾನು ಹಾಕಿದ ಅತ್ಯಂತ ಅಂದದ ಕಟ್ಟನ್ನು ತಾನೇ ಒಡೆದ. ರಟ್ಟನ್ನು ಸುರುಳಿ ಸುತ್ತಿ ಕೊಳವೆಯೊಳಗೆ ತೂರಿಸಿದ. ಅದು ಆ ಕಡೆಯಿಂದ ಜಾರಿ ಕೆಳಗೆ ಬಿತ್ತು. ಮತ್ತೆ ತೂರಿಸಿದ, ಮತ್ತೆ ಬಿತ್ತು.

“ಮೊದಲು ಬಿಗಿಯಾಗಿತ್ತಲ್ಲ” ಎಂದರು ಮಾವ. “ಏನಾದ್ರೂ ಕತ್ತರಿಸಿದ್ಯಾ?”

“ಅಂಚು ಜುಂಗಾಗಿತ್ತು ಮಾವ. ಬೆರಳಗಲ.”

ಮಾವ ಕಿಟಕಿಯ ಕಡೆ ತಿರುಗಿದರು. “ನೋಡಿದ್ಯೇನೇ? ನಿನ್ನ ಮಗಳ ಗಂಡ ಇದಕ್ಕೂ ಕತ್ತರಿ ಹಾಕಿದಾರೆ.”

ಗಂಟೆ ಐದೂಕಾಲು. ಒಟ್ಟು ಮೂರು ಮುಕ್ಕಾಲು ಗಂಟೆ ಅಳಿಯನಾಗಿದ್ದ.

“ಹೋದ್ರೆ ಹೋಗ್ಲಿ ಬಿಡಿ” ಎಂದರು ಅತ್ತೆ ಕಿಟಕಿಯೊಳಗಿಂದ. “ಒಂದು ಸಲ ಹಚ್ಚೇಬಿಡಿ. ಮೂವತ್ನಾಲ್ಕು ವರ್ಷ ಒಳಗೆ ನಿಂತು ಬೇಯಿಸಿ ನನ್ನ ಸೊಂಟ ಬಿದ್ದುಹೋಗಿದೆ. ನಾನೂ ಆಚೆ ಕೂತು ಒಂದು ತೆನೆ ತಿನ್ಬೇಕು.”

ಮಾವ ಕುರ್ಚಿಯಲ್ಲಿ ಕುಸಿದು ಕೂತರು. “ಹಚ್ಚೋಣ ಅಂತಲೇ ಮೊದಲ ದಿನ ಪುಸ್ತಕ ತೆಗೆದೆ” ಎಂದರು ಅಳಿಯನಿಗೆ. “ಹದಿನಾಲ್ಕು ಎಚ್ಚರಿಕೆ ಇತ್ತು. ಓದ್ತಾ ಹೋದೆ. ಆ ಹದಿನಾಲ್ಕು ಥರದಲ್ಲೂ ಹೊತ್ತಿ ಉರಿದ ಮನೆಗಳಿಗೆ ನಾನು ನೀರು ಹಿಡ್ಕೊಂಡು ಹೋಗಿದ್ದೆ. ಕೈ ಬರಲಿಲ್ಲ. ನನಗೆ ಆರಿಸೋದು ಗೊತ್ತು. ಹಚ್ಚೋದನ್ನ ಯಾರೂ ಕಲಿಸ್ಲಿಲ್ಲ.”

ಇದನ್ನು ಕೇಳಿ ಅಳಿಯನಿಗೆ ಮಾವನ ಮೇಲೆ ಹಿಂದೆಂದೂ ಇಲ್ಲದ ಪ್ರೀತಿ ಬಂತು. “ಬನ್ನಿ ಮಾವ, ಇಬ್ಬರೂ ಸೇರಿ ಹಚ್ಚೋಣ” ಎಂದ. ಇಬ್ಬರೂ ಎದ್ದರು. ಮಾವ ಸಿಲಿಂಡರಿನ ಪಕ್ಕ ಕೂತು ರೆಗ್ಯುಲೇಟರಿನ ಮೇಲೆ ಕೈಯಿಟ್ಟು ಮುಖವನ್ನು ಕಾಂಪೌಂಡಿನ ಕಡೆ ತಿರುಗಿಸಿದರು. ಅಳಿಯ ತೋಳಷ್ಟು ದೂರದಲ್ಲಿ ಲೈಟರ್ ಹಿಡಿದು ಮುಖವನ್ನು ಬಚ್ಚಲ ಕಡೆ ತಿರುಗಿಸಿದ. ನಾಲ್ಕೂ ಕಣ್ಣು ಮುಚ್ಚಿದ್ದವು.

“ನಾನು ತಿರುಗಿಸ್ಲಾ?”

“ಸ್ವಲ್ಪ ತಾಳಿ ಮಾವ.”

“ಈಗ?”

“ಈಗ ಬೇಡ.”

ಕಿವಿ ತೂತಾಗುವಂತೆ ಸೀಟಿ ಊದಿದ್ದು ಕೇಳಿ ಇಬ್ಬರೂ ಹಾರಿಬಿದ್ದರು. ಡ್ರಿಲ್ ಟೀಚರ್ ಸೆರಗು ಸಿಕ್ಕಿಸಿಕೊಂಡು ಬಂದು ಲೈಟರ್ ಕಿತ್ತುಕೊಂಡಳು. “ಇಬ್ರೂ ಹಿಂದಕ್ಕೆ. ಇನ್ನೂ ಹಿಂದಕ್ಕೆ.” ಮುಚ್ಚಳ ತೆಗೆದಳು, ರೆಗ್ಯುಲೇಟರ್ ತಿರುಗಿಸಿದಳು, ಗುಂಡಿ ತಿರುಗಿಸಿ ಲೈಟರ್ ಟಕ್ ಎನಿಸಿದಳು. ನೀಲಿ ಜ್ವಾಲೆ ಸಾಲಾಗಿ ಎದ್ದು ನಿಂತಿತು. ಮೂವತ್ನಾಲ್ಕು ವರ್ಷದ ಕಾಯುವಿಕೆ ಮುಗಿಯಲು ಮೂರು ಸೆಕೆಂಡು ಹಿಡಿಯಿತು.

ಅತ್ತೆ ಉಳಿದ ತೆನೆಗಳನ್ನು ಹಿಡಿದು ಹೊರಗೆ ಬಂದರು. ಕಣ್ಣು ಹೊಳೆಯುತ್ತಿದ್ದವು. ಮಗಳು ಸೀಮೆಸುಣ್ಣ ತೆಗೆದುಕೊಂಡು ಆರಡಿ ಸಾಲದು ಎಂದು ಎಂಟಡಿಗೆ ಹೊಸ ಗೆರೆ ಎಳೆದಳು. ಮಾವ, ಅಳಿಯ ಗೆರೆಯ ಆಚೆ ಸರಿದು ಸುಮ್ಮನೆ ಕುರ್ಚಿ ಜೋಡಿಸತೊಡಗಿದರು. ಮಾವ ಒಂದು ಕುರ್ಚಿ ವಾರೆ ಇಟ್ಟರು. ಅಳಿಯ ಅದನ್ನು ಸರಿಮಾಡಿದ. ಈ ಕೆಲಸದಲ್ಲಿ ಅವನಿಗೆ ಇಪ್ಪತ್ತೊಂದು ವರ್ಷದ ಅನುಭವ.

ತೆನೆ ಸುಡುವ ಘಮ ಗೋಡೆ ದಾಟಿತು. ಪಕ್ಕದ ಮನೆಗೆ ಹಿಂದಿನ ದಿನವಷ್ಟೇ ಬಂದಿದ್ದ ಟೈಲರಮ್ಮ ಕಾಂಪೌಂಡಿನ ಮೇಲೆ ತಲೆ ಹಾಕಿ, ಪರಿಚಯ ಮಾಡಿಕೊಂಡು, ಗ್ರಿಲ್ಲನ್ನು ಬಾಯ್ತುಂಬ ಹೊಗಳಿದರು. ಆಮೇಲೆ ಗೆರೆಯ ಆಚೆ ಕೈಕಟ್ಟಿ ಕೂತಿದ್ದ ಇಬ್ಬರನ್ನು ನೋಡಿ, “ಅವರಿಬ್ಬರು ಯಾರು?” ಎಂದು ಕೇಳಿದರು.

ಹೆಂಡತಿ ತೆನೆ ಹೊರಳಿಸುತ್ತಾ, ತಿರುಗಿಯೂ ನೋಡದೆ ಹೇಳಿದಳು. “ಅವರಾ? ಮೀಸೆ ಇರೋರು ನಮ್ಮಮ್ಮನ ಗಂಡ. ಇನ್ನೊಬ್ಬರು ಅಮ್ಮನ ಮಗಳ ಗಂಡ.”